ಒಂದೇ ಕಂತಿನ ಕಥೆಯೋ, ಮುಂದುವರಿಯುವ ಕಥೆಯೋ? ಸೈನ್ಸ್ ಫಿಕ್ಷನ್ ಸರಣಿ ಆರಿಸುವವರಿಗೆ

ಸೈನ್ಸ್ ಫಿಕ್ಷನ್‌ನಲ್ಲಿ ಏನು ನೋಡಲಿ ಅಂತ ಕೇಳಿದರೆ ಎಲ್ಲರೂ ಒಂದೊಂದು ಹೆಸರು ಹೇಳುತ್ತಾರೆ. ಒಬ್ಬರು ಡಾರ್ಕ್ ಅನ್ನುತ್ತಾರೆ, ಇನ್ನೊಬ್ಬರು ಬ್ಲ್ಯಾಕ್ ಮಿರರ್, ಮತ್ತೊಬ್ಬರು ಡಾಕ್ಟರ್ ಹೂ. ಈ ಮೂರನ್ನೂ ನೋಡುವ ರೀತಿಯೇ ಬೇರೆ ಬೇರೆ ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ. ಡಾರ್ಕ್‌ನ 26 ಕಂತು ಸೇರಿದರೆ ಒಂದು ಕಥೆ. ಬ್ಲ್ಯಾಕ್ ಮಿರರ್‌ನಲ್ಲಿ ಕಂತಿಗೊಂದು ಕಥೆ. ನಟರೂ ಬೇರೆ, ಲೋಕವೂ ಬೇರೆ. ಡಾಕ್ಟರ್ ಹೂ ತನ್ನ ಅರವತ್ತು ವರ್ಷದ ಆಯುಷ್ಯದಲ್ಲಿ ಎರಡನ್ನೂ ಮಾಡಿದೆ, ಎರಡರ ನಡುವಿನದನ್ನೂ ಮಾಡಿದೆ. ಇದನ್ನು ತಿಳಿದುಕೊಳ್ಳದೆ ಶುರು ಮಾಡಿದವರು ಮೂರನೇ ಕಂತಿಗೆ 'ಇದು ನನಗೆ ಹೇಳಿದ್ದಲ್ಲ' ಅಂತ ಎದ್ದು ಹೋಗುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 'ಹೀಗಾದರೆ ಏನಾಗುತ್ತೆ?' ಅನ್ನೋ ಪ್ರಶ್ನೆಗೆ ಒಂದು ಗಂಟೆ ಸಾಕು. ಎಷ್ಟೋ ಸಲ ಅರ್ಧ ಗಂಟೆಯೇ ಜಾಸ್ತಿ. ಆದರೆ 'ಹೀಗಾದ ಮೇಲೆ ಆ ಮನುಷ್ಯ ಏನಾದ?' ಅಂತ ಕೇಳಿದರೆ ಗಂಟೆ ಸಾಲದು. ಅದಕ್ಕೆ ತಿಂಗಳು, ವರ್ಷ ಬೇಕು. ಐಡಿಯಾದ ರುಚಿ ಬೇಕಾದವರಿಗೆ ಬಿಡಿ ಕಂತು, ಪರಿಣಾಮ ನೋಡಬೇಕಾದವರಿಗೆ ಮುಂದುವರಿಯುವ ಕಥೆ. ಇವೆರಡರ ನಡುವೆ ಎರಡು, ಮೂರು, ನಾಲ್ಕು ಕಂತಿನಲ್ಲಿ ಮುಗಿಯುವ ಕಥೆಗಳಿವೆ. ಈಗಿನ ಪ್ರೇಕ್ಷಕರು ಅವನ್ನು ಮರೆತೇ ಬಿಟ್ಟಿದ್ದಾರೆ. ನನ್ನ ಓಟು ಅದಕ್ಕೇ.

ಈ ಅಳತೆಗಳು ಎಲ್ಲಿಂದ ಬಂದವು

ಇದರಲ್ಲಿ ಕಲೆಗಿಂತ ವ್ಯಾಪಾರದ ಪಾಲು ಜಾಸ್ತಿ. ಬ್ರಿಟನ್ನಿನಲ್ಲಿ ಬಿಬಿಸಿಗೆ ವಾರವಾರ ಮುಂದುವರಿಯುವ ಕಥೆ ಮೊದಲಿಂದಲೂ ಒಗ್ಗಿತ್ತು. 1953ರಲ್ಲೇ 'ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಆರು ಕಂತಿನಲ್ಲಿ, ಸ್ಟುಡಿಯೋದಿಂದ ನೇರವಾಗಿ ಪ್ರಸಾರವಾಯಿತು. 1963ರ ನವೆಂಬರ್ 23ರ ಶನಿವಾರ ಶುರುವಾದ ಡಾಕ್ಟರ್ ಹೂ ಅದೇ ದಾರಿ ಹಿಡಿಯಿತು. ಒಂದು ಕಂತು ಸುಮಾರು 25 ನಿಮಿಷ. ಮೊದಲ ಕಥೆ ನಾಲ್ಕು ಕಂತು, ಡಾಲೆಕ್ ಅನ್ನೋ ಖಳ ಜೀವಿಗಳನ್ನು ತಂದ ಎರಡನೇ ಕಥೆ ಏಳು ಕಂತು. ಒಮ್ಮೆ ಅನ್ಯಗ್ರಹದ ಸೆಟ್ ಹಾಕಿದರೆ ಹಲವು ವಾರ ಅದರಲ್ಲೇ ಓಡಾಡಬಹುದು. ಕೊನೆಗೆ ಯಾರನ್ನಾದರೂ ಸಾವಿನ ಬಾಯಿಗೆ ನೂಕಿ ನಿಲ್ಲಿಸಿದರೆ ಮಕ್ಕಳು ಮುಂದಿನ ಶನಿವಾರ ತಪ್ಪದೆ ಬರುತ್ತಾರೆ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಒಂದು ಸರಣಿ ನಿಜವಾಗಿ ದುಡ್ಡು ಮಾಡುವುದು ಮರುಪ್ರಸಾರದಲ್ಲಿ. ಊರೂರಿನ ಸ್ಥಳೀಯ ಚಾನೆಲ್‌ಗಳು ಹಳೆಯ ಕಂತುಗಳನ್ನು ಕೊಂಡು ತಮಗೆ ಬೇಕಾದ ಹೊತ್ತಿಗೆ, ಬೇಕಾದ ಕ್ರಮದಲ್ಲಿ ಹಾಕುತ್ತಿದ್ದವು. ಹಾಗಾಗಿ ಯಾವ ಕಂತನ್ನು ಎಲ್ಲಿಂದ ಎತ್ತಿದರೂ ಅರ್ಥ ಆಗಬೇಕು. ಕಥೆ ಮುಗಿದಾಗ ಬಾಹ್ಯಾಕಾಶ ಹಡಗು, ಕ್ಯಾಪ್ಟನ್, ಗೆಳೆತನ ಎಲ್ಲವೂ ಮೊದಲಿದ್ದ ಜಾಗಕ್ಕೇ ಬಂದಿರಬೇಕು. 1966ರಲ್ಲಿ ಶುರುವಾದ ಮೂಲ ಸ್ಟಾರ್ ಟ್ರೆಕ್‌ನ 79 ಕಂತುಗಳಲ್ಲಿ ಎರಡು ಭಾಗದ ಕಥೆ ಒಂದೇ ಒಂದು, 'ದಿ ಮೆನಾಜರಿ'. ಅದನ್ನೂ ಮಾಡಿದ್ದು ಪ್ರಸಾರವಾಗದೆ ಉಳಿದಿದ್ದ ಮೊದಲ ಪೈಲಟ್, ಅಂದರೆ ಮಾದರಿ, ಕಂತಿನ ದೃಶ್ಯಗಳನ್ನು ಮತ್ತೆ ಬಳಸಿ ಹೊತ್ತು, ದುಡ್ಡು ಉಳಿಸೋಕೆ. ಮೂರೇ ಸೀಸನ್‌ಗೆ ನಿಂತುಹೋದ ಆ ಸರಣಿ ಇಷ್ಟು ದೊಡ್ಡದಾಗಿದ್ದು ಮರುಪ್ರಸಾರದಿಂದ. ಅದು ಸಾಧ್ಯವಾದದ್ದು ಬಿಡಿ ಕಂತುಗಳಿಂದ.

ನಮ್ಮಲ್ಲಿ ದೂರದರ್ಶನದ ಕಾಲದವರಿಗೆ ಎರಡೂ ಬಗೆ ಗೊತ್ತು. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ ಮಾಲ್ಗುಡಿ ಡೇಸ್‌ನಲ್ಲಿ ಸ್ವಾಮಿಯ ಕಥೆ ಹಲವು ಕಂತು ಹರಿಯಿತು, ಕಂತಿಗೊಂದು ಸಣ್ಣ ಕಥೆಯೂ ಬಂತು. ಎರಡಕ್ಕೂ ಒಂದೇ ಟೈಟಲ್ ಹಾಡು, ಯಾರೂ ತಕರಾರು ಮಾಡಲಿಲ್ಲ.

ಒಟಿಟಿ ಬಂದ ಮೇಲೆ ತಕ್ಕಡಿ ಮುಂದುವರಿಯುವ ಕಥೆಯ ಕಡೆ ಪೂರ್ತಿ ವಾಲಿತು. ಒಂದು ವಾರ ತಪ್ಪಿಹೋಯಿತು ಅನ್ನೋ ಭಯ ಈಗ ಇಲ್ಲ. ಒಂದು ಕಂತು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ಎಂಟು ಗಂಟೆಯ ಸಿನಿಮಾ ಅಂತ ಹೇಳಿ ಮಾರುತ್ತಾರೆ. ಎಂಟು ಗಂಟೆಗೆ ಸಾಕಾಗುವಷ್ಟು ಕಥೆ ಇದೆಯಾ ಅನ್ನೋದು ಬೇರೆ ಮಾತು.

ಅದೇ ದೆವ್ವ, ಎರಡು ಅಳತೆ

ಒಂದೇ ಐಡಿಯಾವನ್ನು ಒಂದು ಕಂತಿನಲ್ಲೂ ಎರಡು ಕಂತಿನಲ್ಲೂ ಒಬ್ಬನೇ ಲೇಖಕ ಬರೆದರೆ ಹೇಗಿರುತ್ತೆ? ಡಾಕ್ಟರ್ ಹೂ ಇದನ್ನು ಮಾಡಿ ತೋರಿಸಿದೆ. ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಗೊತ್ತಿಲ್ಲ.

2007ರಲ್ಲಿ ಸ್ಟೀವನ್ ಮೊಫಾಟ್ 'ಬ್ಲಿಂಕ್' ಬರೆದ. ಸುಮಾರು 45 ನಿಮಿಷ. ಸರಣಿಯ ನಾಯಕ, ಕಾಲದಲ್ಲಿ ಸುತ್ತುವ ಡಾಕ್ಟರ್, ಅದರಲ್ಲಿ ಕೆಲವೇ ನಿಮಿಷ ಕಾಣಿಸುತ್ತಾನೆ. ಕಥೆ ಸ್ಯಾಲಿ ಸ್ಪ್ಯಾರೋ ಅನ್ನೋ ಹುಡುಗಿಯದು. ಪಾಳುಬಿದ್ದ ಮನೆ, ಅಲ್ಲಿ ಮುಖ ಮುಚ್ಚಿಕೊಂಡ ಕಲ್ಲಿನ ದೇವತೆಗಳು. ಯಾರಾದರೂ ನೋಡುತ್ತಿದ್ದರೆ ಅವು ಕಲ್ಲು. ಕಣ್ಣು ಮಿಟುಕಿಸಿದರೆ ಹತ್ತಿರ ಬಂದಿರುತ್ತವೆ. ಇಷ್ಟೇ ನಿಯಮ. ಇಡೀ ಕಂತಿನಲ್ಲಿ ಆ ಕಲ್ಲುಗಳು ಅಲುಗಾಡುವುದು ಒಮ್ಮೆಯೂ ಕಾಣುವುದಿಲ್ಲ. ಅಲುಗಾಡಿದ ಮೇಲಿನ ಭಂಗಿ ಮಾತ್ರ ಕಾಣುತ್ತದೆ. ನಿಯಮ ಹೇಳುವುದು, ಅದರಿಂದ ಹೆದರಿಸುವುದು, ಅದೇ ನಿಯಮದಿಂದ ಕಥೆ ಮುಗಿಸುವುದು, ಮೂರೂ ಒಂದೇ ಕೂರಿಕೆಯಲ್ಲಿ ಆಗುತ್ತವೆ. ಅದಕ್ಕೆ ಮರುವರ್ಷ ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂತು.

2010ರಲ್ಲಿ ಅವನೇ ಅದೇ ದೇವತೆಗಳನ್ನು ಎರಡು ಭಾಗದ ಕಥೆಗೆ ತಂದ: 'ದಿ ಟೈಮ್ ಆಫ್ ಏಂಜೆಲ್ಸ್' ಮತ್ತು 'ಫ್ಲೆಶ್ ಅಂಡ್ ಸ್ಟೋನ್'. ಈಗ ಅಪ್ಪಳಿಸಿ ಬಿದ್ದ ಹಡಗು ಇದೆ, ಸೈನಿಕರಿದ್ದಾರೆ, ಕತ್ತಲ ಗುಹೆ ಇದೆ, ಹೊಸ ನಿಯಮವೂ ಇದೆ. ಆ ದೇವತೆಯ ಚಿತ್ರ ಕೂಡ ದೇವತೆಯೇ ಆಗಿಬಿಡುತ್ತದೆ. ಮೊದಲ ಭಾಗ ಅದ್ಭುತ. ಗುಹೆಯಲ್ಲಿ ಎಲ್ಲರೂ ಹಾಯಾಗಿ ನಡೆದುಕೊಂಡು ಹೋಗುತ್ತಿರುವಾಗ ಒಂದು ವಿಷಯ ಹೊಳೆಯುತ್ತದೆ ನೋಡಿ, ಅದು ಒಂಟಿ ಕಂತಿನಲ್ಲಿ ಬರೋಕೆ ಸಾಧ್ಯವೇ ಇರಲಿಲ್ಲ. ಅಷ್ಟು ಹೊತ್ತು ನಾವೂ ಅವರ ಜೊತೆ ಹಾಯಾಗಿ ನಡೆದಿರಬೇಕು. ಆದರೆ ಎರಡನೇ ಭಾಗಕ್ಕೆ ಹೊಟ್ಟೆ ತುಂಬಿಸಬೇಕಲ್ಲ? ಕಾಲದ ಬಿರುಕು ಬರುತ್ತದೆ, ಹಡಗಿನೊಳಗೆ ಕಾಡು ಬರುತ್ತದೆ, ಕೊನೆಗೆ ದೇವತೆಗಳು ನಮ್ಮ ಕಣ್ಣೆದುರೇ ಕತ್ತು ತಿರುಗಿಸುತ್ತವೆ. ಅಲ್ಲಿಗೆ ನನ್ನ ಭಯ ಹೋಯಿತು.

ಎರಡು ಭಾಗ ಆದರೆ ಕಾಯಿಸುವ ಜಾಗ ಸಿಗುತ್ತದೆ, ಜೊತೆಗೆ ತುಂಬಿಸುವ ಒತ್ತಡವೂ ಬರುತ್ತದೆ. ಒಂದೇ ಕಂತಾದರೆ ಈ ಎರಡೂ ಇಲ್ಲ.

ಇನ್ನೂ ಹಳೆಯ ಸಾಕ್ಷಿ ಬೇಕಾದರೆ ಕಂತಿಗೊಂದು ಕಥೆಯ ಟ್ವೈಲೈಟ್ ಝೋನ್ ನೋಡಿ. 1959ರಿಂದ 1964ರವರೆಗೆ 156 ಕಂತು. ಅದರಲ್ಲಿ 92ನ್ನು ರಾಡ್ ಸರ್ಲಿಂಗ್ ಒಬ್ಬನೇ ಬರೆದ. ಮೊದಲ ಮೂರು ಸೀಸನ್ ಅರ್ಧ ಗಂಟೆಯ ಕಂತು. ನಾಲ್ಕನೇ ಸೀಸನ್‌ನ 18 ಕಂತುಗಳನ್ನು ಒಂದು ಗಂಟೆಗೆ ಎಳೆದರು. ಐದನೆಯದಕ್ಕೆ ಮತ್ತೆ ಅರ್ಧ ಗಂಟೆಗೆ ವಾಪಸ್ ಬಂದರು. ನಾಲ್ಕನೇ ಸೀಸನ್‌ನ ಎರಡು ಕಂತು ನೋಡಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ. ತಿರುವು ಎಲ್ಲಿ ಬರುತ್ತೆ ಅಂತ ನಮಗೆ ಮೊದಲೇ ಹೊಳೆದಿರುತ್ತದೆ, ಪಾತ್ರ ಇನ್ನೂ ಅಲ್ಲಿಗೆ ನಡೆದುಕೊಂಡು ಬರುತ್ತಿರುತ್ತದೆ.

ಮರುದಿನ ಬೆಳಿಗ್ಗೆ ಏನಾಯಿತು

ಹಾಗಾದರೆ ಉದ್ದ ಕಥೆ ಯಾಕೆ ಬೇಕು? ಇದಕ್ಕೆ ಉತ್ತರ ಒಬ್ಬನೇ ಮನುಷ್ಯನ ಬದುಕಿನಲ್ಲಿ ಸಿಗುತ್ತದೆ, ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್‌ನ ಕ್ಯಾಪ್ಟನ್ ಪಿಕಾರ್ಡ್‌ನಲ್ಲಿ.

1990ರ ಜೂನ್‌ನಲ್ಲಿ 'ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್' ಮೊದಲ ಭಾಗ ಬಂತು. ಬೋರ್ಗ್ ಅನ್ನೋ ಅರ್ಧ ಯಂತ್ರ ಜನಾಂಗ ಪಿಕಾರ್ಡ್‌ನನ್ನು ಹಿಡಿದು ತಮ್ಮವನನ್ನಾಗಿ ಮಾಡಿಕೊಳ್ಳುತ್ತದೆ. ಅವನ ಕೈಕೆಳಗಿನ ಅಧಿಕಾರಿಯೇ ಅವನ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಡುತ್ತಾನೆ. 'ಮುಂದುವರಿಯುವುದು' ಅಂತ ಬರುತ್ತದೆ. ಪ್ರೇಕ್ಷಕರು ಸೆಪ್ಟೆಂಬರ್‌ವರೆಗೆ ಕಾದರು. ತಮಾಷೆ ಅಂದರೆ, ಬರೆದ ಮೈಕೆಲ್ ಪಿಲ್ಲರ್‌ಗೇ ಆಗ ಎರಡನೇ ಭಾಗ ಹೇಗೆ ಮುಗಿಯುತ್ತೆ ಅಂತ ಗೊತ್ತಿರಲಿಲ್ಲ. ಅದು ಕಾಣುತ್ತದೆ ಕೂಡ. ಮೊದಲ ಭಾಗದ ಬಿಗಿ ಎರಡನೆಯದರಲ್ಲಿಲ್ಲ. ಬೋರ್ಗ್ ಸಮಸ್ಯೆ ಒಂದು ಜಾಣ ಉಪಾಯದಿಂದ ಬಗೆಹರಿಯುತ್ತದೆ.

ಆದರೆ ಅದರ ಮುಂದಿನ ಕಂತು 'ಫ್ಯಾಮಿಲಿ' ಇದೆಯಲ್ಲ, ಅದೇ ನಿಜವಾದ ಮೂರನೇ ಭಾಗ. ಅದರಲ್ಲಿ ಯುದ್ಧ ಇಲ್ಲ, ಶತ್ರು ಇಲ್ಲ. ಪಿಕಾರ್ಡ್ ಫ್ರಾನ್ಸ್‌ನಲ್ಲಿರುವ ತನ್ನ ಅಣ್ಣನ ದ್ರಾಕ್ಷಿ ತೋಟಕ್ಕೆ ಹೋಗುತ್ತಾನೆ. ಅಣ್ಣ ತಮ್ಮ ಕೆಸರಿನಲ್ಲಿ ಹೊಡೆದಾಡಿಕೊಳ್ಳುತ್ತಾರೆ. ಆಮೇಲೆ ಪಿಕಾರ್ಡ್ ಅಲ್ಲೇ ಕೂತು ಅಳುತ್ತಾನೆ, ತನ್ನನ್ನು ಏನು ಮಾಡಿಬಿಟ್ಟರು ಅಂತ ಹೇಳಿಕೊಳ್ಳುತ್ತಾನೆ. ಬೋರ್ಗ್ ಕಥೆ ನೋಡಿಲ್ಲದವರಿಗೆ ಈ ಅಳು ಅರ್ಥವಾಗೋದು ಕಷ್ಟ. ನೋಡಿದವರಿಗೆ ಅದು ಮರೆಯೋದು ಕಷ್ಟ.

ಈಗ ಅದೇ ಪಿಕಾರ್ಡ್‌ನ 1992ರ 'ದಿ ಇನ್ನರ್ ಲೈಟ್' ತೆಗೆದುಕೊಳ್ಳಿ. ಇದು ಪಕ್ಕಾ ಬಿಡಿ ಕಂತು. ಅವನು ಸುಮಾರು 25 ನಿಮಿಷ ಎಚ್ಚರ ತಪ್ಪಿ ಬಿದ್ದಿರುತ್ತಾನೆ. ಅಷ್ಟರಲ್ಲಿ ಇನ್ನೊಂದು ಗ್ರಹದಲ್ಲಿ ಇನ್ನೊಬ್ಬನಾಗಿ ಪೂರ್ತಿ ಬಾಳನ್ನು ಬದುಕುತ್ತಾನೆ. ಮದುವೆ, ಮಕ್ಕಳು, ಮೊಮ್ಮಗ, ಮುಪ್ಪು. ಯಾರಿಗಾದರೂ ಒಂದೇ ಒಂದು ಸ್ಟಾರ್ ಟ್ರೆಕ್ ಕಂತು ತೋರಿಸಬೇಕು ಅಂದರೆ ನಾನು ಇದನ್ನೇ ತೋರಿಸುತ್ತೇನೆ, ಹಿಂದಿನದು ಏನೂ ಗೊತ್ತಿರಬೇಕಾಗಿಲ್ಲ. ಆದರೆ ಯೋಚಿಸಿ, ನಲವತ್ತು ವರ್ಷದ ಸಂಸಾರ ಕಳೆದುಕೊಂಡವನು ಮುಂದಿನ ಕಂತಿನಲ್ಲಿ ಮಾಮೂಲಿನಂತೆ ಕುರ್ಚಿಯಲ್ಲಿ ಕೂತು ಆಜ್ಞೆ ಕೊಡುತ್ತಿರುತ್ತಾನೆ. ಮರುವರ್ಷ 'ಲೆಸನ್ಸ್' ಕಂತಿನಲ್ಲಿ ಆ ಬಾಳಿನಿಂದ ಉಳಿದ ಕೊಳಲು ಮತ್ತೆ ಬರುತ್ತದೆ. ಬಿಡಿ ಕಂತಿನ ಸರಣಿ ಅದಕ್ಕಿಂತ ಜಾಸ್ತಿ ನೆನಪು ಇಟ್ಟುಕೊಳ್ಳೋಕೆ ಆಗುವುದಿಲ್ಲ.

ಇದರ ಕೆಟ್ಟ ಮುಖ ನೋಡಬೇಕಾದರೆ ಸ್ಟಾರ್ ಟ್ರೆಕ್: ವಾಯೇಜರ್‌ನ 'ಇಯರ್ ಆಫ್ ಹೆಲ್' ಇದೆ, 1997ರದು, ಎರಡು ಭಾಗ. ಮನೆಯಿಂದ ಎಪ್ಪತ್ತು ಸಾವಿರ ಜ್ಯೋತಿರ್ವರ್ಷ ದೂರ ಸಿಕ್ಕಿಹಾಕಿಕೊಂಡ ಹಡಗು ತಿಂಗಳು ತಿಂಗಳಿಗೆ ಚೂರುಚೂರಾಗುತ್ತದೆ, ಜನ ಸಾಯುತ್ತಾರೆ, ಕಣ್ಣು ಹೋಗುತ್ತದೆ. ಕೊನೆಗೆ ಕಾಲ ಹಿಂದಕ್ಕೆ ಸರಿದು ಇದ್ಯಾವುದೂ ನಡೆದೇ ಇಲ್ಲ ಅಂತ ಆಗುತ್ತದೆ. ಎರಡು ಭಾಗದ ಉದ್ದ ತೆಗೆದುಕೊಂಡು ಬಿಡಿ ಕಂತಿನ ನಿಯಮ ಪಾಲಿಸಿದರೆ ಹೀಗೆಯೇ. ಸ್ಟಾರ್ ಟ್ರೆಕ್‌ನಲ್ಲಿ ವರ್ಷಗಟ್ಟಲೆ ಬರೆದ ರೊನಾಲ್ಡ್ ಮೂರ್ ಆಮೇಲೆ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಹೊಸದಾಗಿ ಕಟ್ಟಿದಾಗ ನೇರ ಉಲ್ಟಾ ಮಾಡಿದ. ಅಲ್ಲಿ ಸರ್ವನಾಶದಿಂದ ಬದುಕುಳಿದ ಮನುಷ್ಯರ ಲೆಕ್ಕವನ್ನು ಅಧ್ಯಕ್ಷೆ ಒಂದು ಬಿಳಿ ಬೋರ್ಡ್ ಮೇಲೆ ಬರೆದಿಟ್ಟಿರುತ್ತಾಳೆ. ಸತ್ತವರನ್ನು ಕಳೆಯುತ್ತಾಳೆ. ಕಳೆದದ್ದು ಮತ್ತೆ ಬರುವುದಿಲ್ಲ.

ಉದ್ದ ಕಥೆಗೇ ಆಗುವ ಇನ್ನೊಂದು ಸುಖ ಬ್ಯಾಬಿಲಾನ್ 5ರಲ್ಲಿದೆ. ಮೈಕೆಲ್ ಸ್ಟ್ರಾಝಿನ್‌ಸ್ಕಿ ಐದು ವರ್ಷದ ಕಥೆಯನ್ನು ಮೊದಲೇ ಯೋಚಿಸಿಟ್ಟು ಶುರು ಮಾಡಿದ, 110 ಕಂತುಗಳಲ್ಲಿ 92ನ್ನು ತಾನೇ ಬರೆದ. 1994ರಲ್ಲಿ, ಮೊದಲ ಸೀಸನ್‌ನ ಒಂದು ಕಂತಿನಲ್ಲಿ, ಕಾಣೆಯಾಗಿದ್ದ ಹಳೆಯ ಬಾಹ್ಯಾಕಾಶ ನಿಲ್ದಾಣವೊಂದು ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ. ಅರ್ಧಂಬರ್ಧ ಉತ್ತರ ಸಿಗುತ್ತದೆ. ಪೂರ್ತಿ ಉತ್ತರ ಬರುವುದು 1996ರಲ್ಲಿ, ಮೂರನೇ ಸೀಸನ್‌ನ ಎರಡು ಭಾಗದ ಕಥೆಯಲ್ಲಿ. ಅದೇ ಘಟನೆಯನ್ನು ಆ ಕಡೆಯಿಂದ ತೋರಿಸುತ್ತಾರೆ. ಎರಡು ವರ್ಷದ ಹಿಂದೆ ಸುಮ್ನೆ ಬಂದು ಹೋದ ದೃಶ್ಯಗಳೆಲ್ಲ ಈಗ ಬೇರೆಯಾಗಿ ಕಾಣುತ್ತವೆ. ಇದನ್ನು ಬಿಡಿ ಕಂತು ಎಂದೂ ಕೊಡಲಾರದು.

ಉದ್ದ ಕಥೆಗೆ ಕೈ ಹಾಕುವ ಮುಂಚೆ

ಇಷ್ಟು ಹೊಗಳಿದ ಮೇಲೆ ಅದರ ಅಪಾಯವನ್ನೂ ಹೇಳಬೇಕು. ಮೊದಲನೆಯದು, ಕಥೆ ಮುಗಿಯದೇ ನಿಲ್ಲುವುದು. ಡಾರ್ಕ್ ಮಾಡಿದ ಜೋಡಿ ಬಾರಾನ್ ಬೋ ಓಡಾರ್ ಮತ್ತು ಯಾಂಟ್ಯೆ ಫ್ರೀಸ ಅದಾದ ಮೇಲೆ 2022ರಲ್ಲಿ 1899 ಅನ್ನೋ ಸರಣಿ ಮಾಡಿದರು. ಒಂದೇ ಸೀಸನ್‌ಗೆ ನೆಟ್‌ಫ್ಲಿಕ್ಸ್ ಅದನ್ನು ನಿಲ್ಲಿಸಿತು. ಎಂಟು ಕಂತು ಕಟ್ಟಿದ ಒಗಟು ಹಾಗೇ ಉಳಿಯಿತು. ಅದೇ ಜೋಡಿ, ಅದೇ ಚಳಕ. ಡಾರ್ಕ್ ಮೂರು ಸೀಸನ್‌ನಲ್ಲಿ ಚೊಕ್ಕವಾಗಿ ಮುಗಿಯಿತು, 1899 ಮುಗಿಯಲಿಲ್ಲ. ಬಿಡಿ ಕಂತಿನ ಸರಣಿ ನಿಂತುಹೋದರೆ ಮುಂದಿನದು ಬರಲ್ಲ ಅಷ್ಟೇ, ನೋಡಿದ್ದು ಕೈಯಲ್ಲೇ ಇರುತ್ತದೆ. ಒಗಟಿನ ಸರಣಿ ನಿಂತುಹೋದರೆ ನೋಡಿದ್ದೂ ಹೋದ ಹಾಗೆ.

ದಿ ಎಕ್ಸ್‌ಪಾನ್ಸ್‌ಗೆ ಅದೃಷ್ಟ ಇತ್ತು. 2018ರಲ್ಲಿ ಮೂರು ಸೀಸನ್ ಆದ ಮೇಲೆ ಸೈಫೈ ಚಾನೆಲ್ ಕೈಬಿಟ್ಟಿತು, ಅಮೆಜಾನ್ ಎತ್ತಿಕೊಂಡಿತು, ಆರು ಸೀಸನ್‌ವರೆಗೆ ಹೋಯಿತು. ಬ್ಯಾಬಿಲಾನ್ 5ರ ಕಥೆ ಇನ್ನೂ ವಿಚಿತ್ರ. ಐದನೇ ವರ್ಷ ಸಿಗುವುದಿಲ್ಲ ಅಂತ ಭಾವಿಸಿ ನಾಲ್ಕನೇ ಸೀಸನ್‌ನಲ್ಲೇ ದೊಡ್ಡ ಯುದ್ಧಗಳನ್ನೆಲ್ಲ ಓಡಿಸಿ ಮುಗಿಸಿದರು, ಸರಣಿಯ ಕಟ್ಟಕಡೆಯ ಕಂತನ್ನೂ ಚಿತ್ರೀಕರಿಸಿಬಿಟ್ಟರು. ಆಮೇಲೆ ಟಿಎನ್‌ಟಿ ಚಾನೆಲ್ ಐದನೇ ವರ್ಷ ಕೊಟ್ಟಿತು. ಕಡೆಯ ಕಂತನ್ನು ಎತ್ತಿಟ್ಟು 1998ರಲ್ಲಿ ಹಾಕಿದರು. ಹಾಗಾಗಿ ನಾಲ್ಕನೇ ಸೀಸನ್ ಏದುಸಿರು ಬಿಡುತ್ತದೆ, ಐದನೆಯದು ಆಕಳಿಸುತ್ತದೆ. ಎಷ್ಟೇ ಮುಂಚೆ ಯೋಚಿಸಿಟ್ಟರೂ ಟೀವಿಯಲ್ಲಿ ನಟರು ಬಿಟ್ಟುಹೋಗುತ್ತಾರೆ, ಚಾನೆಲ್ ಮನಸ್ಸು ಬದಲಿಸುತ್ತದೆ. ಈ ಸರಣಿಯ ಮೊದಲ ನಾಯಕನೇ ಒಂದು ಸೀಸನ್ ಆದ ಮೇಲೆ ಬದಲಾದ.

ಎರಡನೆಯದು, ನಡುವಿನ ಬಿಡುವು. ಸೆವರೆನ್ಸ್‌ನ ಮೊದಲ ಸೀಸನ್ 2022ರ ಏಪ್ರಿಲ್‌ನಲ್ಲಿ ಮುಗಿಯಿತು, ಎರಡನೆಯದು ಬಂದದ್ದು 2025ರ ಜನವರಿಯಲ್ಲಿ. ಅಷ್ಟರಲ್ಲಿ ಯಾರು ಯಾರ ಹೆಂಡತಿ ಅನ್ನೋದೇ ಮರೆತಿರುತ್ತದೆ. ನಮ್ಮ ದಿನದ ಧಾರಾವಾಹಿಗಳಲ್ಲಿ ವಾರ ಬಿಟ್ಟು ಬಂದರೂ ಕಥೆ ಅದೇ ಮೆಟ್ಟಿಲ ಮೇಲೆ ನಿಂತಿರುತ್ತದೆ. ಇಲ್ಲಿ ಹಾಗಲ್ಲ. ಕಾಲಪ್ರಯಾಣದ ಕಥೆಯಾದ ಡಾರ್ಕ್‌ನಲ್ಲಿ ಫೋನ್ ನೋಡುತ್ತಾ ಒಂದು ದೃಶ್ಯ ತಪ್ಪಿಸಿಕೊಂಡರೆ ಯಾವ ಹುಡುಗ ಯಾವ ಮುದುಕ ಅಂತ ಗೊತ್ತಾಗದೆ ಒದ್ದಾಡಬೇಕಾಗುತ್ತದೆ.

ಮೂರನೆಯದು, ಬೆಳೆಯುತ್ತಾ ಗಂಟು ಬೀಳುವುದು. ಎಕ್ಸ್-ಫೈಲ್ಸ್ 1993ರಲ್ಲಿ ಶುರುವಾದಾಗಿಂದ ಎರಡು ಸರಣಿಗಳನ್ನು ಒಂದರಲ್ಲೇ ಇಟ್ಟುಕೊಂಡಿತ್ತು. ಒಂದು, ಅನ್ಯಗ್ರಹದವರ ಜೊತೆ ಸರ್ಕಾರದ ಸಂಚಿನ ದೊಡ್ಡ ಕಥೆ. ಇನ್ನೊಂದು, ವಾರಕ್ಕೊಂದು ಭೂತ. ಸಂಚಿನ ಕಥೆಗೆ ಆಗ ಜನ ಹುಚ್ಚೆದ್ದು ಕಾಯುತ್ತಿದ್ದರು. ಈಗ ನೋಡಿದರೆ ಅದು ಬಿಡಿಸಲಾಗದ ನೂಲಿನುಂಡೆ. ಇಂದಿಗೂ ತಾಜಾ ಇರುವುದು ಬಿಡಿ ಕಂತುಗಳು. ಜನ ಹೇಗೆ ಸಾಯುತ್ತಾರೆ ಅಂತ ಮೊದಲೇ ಕಾಣುವ ವಿಮಾ ಏಜೆಂಟನ 'ಕ್ಲೈಡ್ ಬ್ರಕ್‌ಮನ್ಸ್ ಫೈನಲ್ ರಿಪೋಸ್', 1995ರದು, ಬರವಣಿಗೆಗೂ ಅತಿಥಿ ನಟನಿಗೂ ಟೀವಿಯ ಎಮ್ಮಿ ಪ್ರಶಸ್ತಿ ಗಳಿಸಿತು. ನಗುತ್ತಾ ನಗುತ್ತಾ ಹೊಟ್ಟೆ ತಣ್ಣಗಾಗುತ್ತದೆ. ಎಕ್ಸ್-ಫೈಲ್ಸ್ ಹೊಸದಾಗಿ ನೋಡುವವರು ಸಂಚಿನ ಕಂತುಗಳನ್ನು ಧೈರ್ಯವಾಗಿ ಹಾರಿಸಬಹುದು ಅಂತ ನಾನು ಹೇಳಿದರೆ ಹಳೆಯ ಅಭಿಮಾನಿಗಳು ಬೈಯುತ್ತಾರೆ. ಬೈಯಲಿ.

ನಡುವಿನ ದಾರಿ

2009ರಲ್ಲಿ ಡಾಕ್ಟರ್ ಹೂ ಮ್ಯಾಗಝೀನ್ ಓದುಗರಿಂದ ಅಲ್ಲಿಯವರೆಗಿನ ಎಲ್ಲ ಕಥೆಗಳಿಗೂ ಅಂಕ ಹಾಕಿಸಿತು. ಮೊದಲ ಸ್ಥಾನ 1984ರ 'ದಿ ಕೇವ್ಸ್ ಆಫ್ ಆಂಡ್ರೋಝಾನಿ', ನಾಲ್ಕು ಕಂತು. ಎರಡನೆಯದು 'ಬ್ಲಿಂಕ್', ಒಂದು ಕಂತು. ಮೂರನೆಯದು 1975ರ 'ಜೆನೆಸಿಸ್ ಆಫ್ ದಿ ಡಾಲೆಕ್ಸ್', ಆರು ಕಂತು. ಅಳತೆ ಯಾವುದಾದರೂ ಕಥೆಗೆ ಹೊಂದಿದರೆ ಸಾಕು ಅಂತ ಓದುಗರು ಹೇಳಿದ ಹಾಗಿದೆ.

ಆದರೂ ನಾಲ್ಕು ಕಂತು, ಅಂದರೆ ಸುಮಾರು ನೂರು ನಿಮಿಷ, ಬಹಳ ಹಿತವಾದ ಅಳತೆ. ಮೊದಲ ಕಂತಿನಲ್ಲಿ ಹೊಸ ಲೋಕ ಪರಿಚಯ ಆಗುತ್ತದೆ. ಎರಡನೆಯದರಲ್ಲಿ ಅಲ್ಲಿನ ಜನ ಯಾಕೆ ಜಗಳ ಆಡುತ್ತಿದ್ದಾರೆ ಅಂತ ತಿಳಿಯುತ್ತದೆ. ಮೂರನೆಯದರಲ್ಲಿ ನಾವು ತಿಳಿದದ್ದು ತಪ್ಪು ಅಂತ ಗೊತ್ತಾಗುತ್ತದೆ. ನಾಲ್ಕಕ್ಕೆ ಮುಗಿತಾಯ. ಆಂಡ್ರೋಝಾನಿಯಲ್ಲಿ ಡಾಕ್ಟರ್‌ಗೂ ಅವನ ಜೊತೆಗಾತಿಗೂ ಮೊದಲ ಕಂತಿನಲ್ಲೇ ವಿಷ ತಗಲುತ್ತದೆ. ಸುತ್ತ ನಡೆಯುತ್ತಿರುವ ಯುದ್ಧ, ಕಳ್ಳಸಾಗಣೆ, ರಾಜಕೀಯ ಯಾವುದರ ಜೊತೆಗೂ ಅವರಿಗೆ ಸಂಬಂಧ ಇಲ್ಲ. ಬದುಕಿ ಹೊರಗೆ ಬಂದರೆ ಸಾಕು. ಒಂದು ಗಂಟೆಯಲ್ಲಿ ಇದು ಗಡಿಬಿಡಿ ಆಗುತ್ತಿತ್ತು, ಹತ್ತು ಗಂಟೆಯಲ್ಲಿ ನೀರಾಗುತ್ತಿತ್ತು.

ಆರು ಕಂತಿನ ಹಳೆಯ ಕಥೆಗಳಲ್ಲಿ ಒಂದು ಕಾಯಿಲೆ ಇದೆ. ನಡುವೆ ಪಾತ್ರಗಳು ಸಿಕ್ಕಿಬೀಳುತ್ತವೆ, ತಪ್ಪಿಸಿಕೊಳ್ಳುತ್ತವೆ, ಮತ್ತೆ ಸಿಕ್ಕಿಬೀಳುತ್ತವೆ. ಅಷ್ಟು ಕಾರಿಡಾರು ಆ ಗ್ರಹದಲ್ಲಿ ಯಾರು ಕಟ್ಟಿಸಿದರೋ. ಎಪ್ಪತ್ತರ ದಶಕದ ಲೇಖಕರಿಗೂ ಇದು ಗೊತ್ತಿತ್ತು. 1976ರ 'ದಿ ಸೀಡ್ಸ್ ಆಫ್ ಡೂಮ್' ನೋಡಿ, ಮೊದಲ ಎರಡು ಕಂತು ಅಂಟಾರ್ಕ್ಟಿಕಾದಲ್ಲಿ, ಉಳಿದ ನಾಲ್ಕು ಇಂಗ್ಲೆಂಡ್‌ನಲ್ಲಿ. ಎರಡು ಕಥೆಗಳನ್ನು ಹೊಲಿದ ಹಾಗೆ, ಆದ್ದರಿಂದ ಬೇಸರ ಆಗುವುದಿಲ್ಲ.

ಹಳೆಯ ಬಹುಕಂತಿನ ಕಥೆಗಳನ್ನು ಒಂದೇ ಸಲಕ್ಕೆ ನೋಡಬೇಡಿ. ಅವನ್ನು ಬರೆದದ್ದು ವಾರಕ್ಕೊಂದರ ಲೆಕ್ಕದಲ್ಲಿ. ಇಪ್ಪತ್ತೈದು ನಿಮಿಷಕ್ಕೊಮ್ಮೆ ಯಾರಾದರೂ ಕಿರುಚುತ್ತಾರೆ, ಮುಂದಿನ ಕಂತು ಅದೇ ಕಿರುಚಾಟದಿಂದ ಶುರುವಾಗುತ್ತದೆ. ದಿನಕ್ಕೊಂದು ನೋಡಿದರೆ ಮಜಾ. ಇನ್ನೊಂದು ವಿಷಯ, ಅರವತ್ತರ ದಶಕದ ಕಥೆ ಆರಿಸುವಾಗ ಎಲ್ಲ ಕಂತೂ ಉಳಿದಿವೆಯಾ ಅಂತ ನೋಡಿಕೊಳ್ಳಿ. ಬಿಬಿಸಿ ಆ ಕಾಲದ ಎಷ್ಟೋ ಟೇಪುಗಳನ್ನು ಅಳಿಸಿಬಿಟ್ಟಿದೆ. 1965-66ರ ಹನ್ನೆರಡು ಕಂತಿನ 'ದಿ ಡಾಲೆಕ್ಸ್ ಮಾಸ್ಟರ್ ಪ್ಲಾನ್' ಪೂರ್ತಿಯಾಗಿ ಉಳಿದಿಲ್ಲ. ಕ್ವಾಟರ್‌ಮಾಸ್‌ನ ಆರರಲ್ಲಿ ಉಳಿದಿರುವುದು ಮೊದಲ ಎರಡೇ. ಟ್ವೈಲೈಟ್ ಝೋನ್‌ನ ಒಂದು ಕಂತು ಕಳೆದುಹೋಗಿದ್ದರೂ ಉಳಿದವಕ್ಕೆ ಏನೂ ಆಗುತ್ತಿರಲಿಲ್ಲ. ಬಹುಕಂತಿನ ಕಥೆಯಲ್ಲಿ ನಡುವಿನದು ಹೋದರೆ ಇಡೀ ಕಥೆಯೇ ಕುಂಟುತ್ತದೆ.

ಈಗಿನವರಲ್ಲಿ ಈ ಅಳತೆಯನ್ನು ಮತ್ತೆ ಹಿಡಿದದ್ದು ಆಂಡೋರ್. ಸ್ಟಾರ್ ವಾರ್ಸ್ ಲೋಕದ ಈ ಸರಣಿಯ ಎರಡನೇ ಸೀಸನ್, 2025ರಲ್ಲಿ ಬಂದದ್ದು, ಮೂರು ಮೂರು ಕಂತಿನ ನಾಲ್ಕು ಕಥೆಗಳು. ಪ್ರತಿ ಕಥೆಯ ನಡುವೆ ಒಂದು ವರ್ಷ ಕಳೆದಿರುತ್ತದೆ. ವಾರಕ್ಕೆ ಮೂರು ಕಂತು ಒಟ್ಟಿಗೇ ಬಿಟ್ಟರು. ಮೂರು ಕಂತು ಒಂದು ಸಂಜೆ, ವಾರ ಬಿಟ್ಟು ಇನ್ನೊಂದು. ಉದ್ದ ಕಥೆಯ ಭಾರವೂ ಇದೆ, ಅಲ್ಲಲ್ಲಿ ಮೆಟ್ಟಿಲೂ ಇದೆ.

ನಿಮಗೆ ಯಾವುದು

ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಮಾತ್ರ ಇದೆ, ನಾಳೆ ಇರುತ್ತೋ ಇಲ್ಲವೋ ಗೊತ್ತಿಲ್ಲ ಅನ್ನುವವರು ಬಿಡಿ ಕಂತಿಗೆ ಅಂಟಿಕೊಳ್ಳಿ. ಟ್ವೈಲೈಟ್ ಝೋನ್, ಬ್ಲ್ಯಾಕ್ ಮಿರರ್, 2022ರಲ್ಲಿ ಶುರುವಾದ ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್. ಕೊನೆಯದರಲ್ಲಿ ಕಥೆ ಕಂತಿಗೇ ಮುಗಿಯುತ್ತದೆ, ಪಾತ್ರಗಳಿಗೆ ಮಾತ್ರ ನೆನಪು ಇರುತ್ತದೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ದಿನ ಕೂರುವವರಾದರೆ, ಅಜ್ಜಿ ಇವತ್ತು, ಮಗಳು ನಾಳೆ, ಆಗಲೂ ಇದೇ ಸರಿ. ಆದರೆ ಬ್ಲ್ಯಾಕ್ ಮಿರರ್‌ನ ಮೊಟ್ಟಮೊದಲ ಕಂತನ್ನು ದಯವಿಟ್ಟು ಅಜ್ಜಿಯ ಜೊತೆ ನೋಡಬೇಡಿ. ಮೊದಲನೆಯದರಿಂದಲೇ ಶುರು ಮಾಡಬೇಕು ಅಂತ ಏನೂ ಇಲ್ಲ. 'ಸ್ಯಾನ್ ಜುನಿಪೆರೋ' ಅಥವಾ 'ಬಿ ರೈಟ್ ಬ್ಯಾಕ್' ಒಳ್ಳೆಯ ಬಾಗಿಲು.

ಪಾತ್ರಗಳ ಜೊತೆ ತಿಂಗಳುಗಟ್ಟಲೆ ಇರೋಕೆ ಇಷ್ಟ, ಹೆಸರುಗಳು ನೆನಪಿರುತ್ತವೆ ಅನ್ನುವವರು ಉದ್ದ ಕಥೆಗೆ ಇಳಿಯಿರಿ. ಮುಗಿದದ್ದನ್ನೇ ಆರಿಸಿ. ಡಾರ್ಕ್ ಮುಗಿದಿದೆ, ಎಕ್ಸ್‌ಪಾನ್ಸ್ ಮುಗಿದಿದೆ. ಎಕ್ಸ್‌ಪಾನ್ಸ್‌ಗೆ ನಾಲ್ಕು ಕಂತು ಕೊಡಿ. ಮೊದಲ ಮೂರರಲ್ಲಿ ಯಾರು ಯಾರ ಪಕ್ಷ ಅಂತ ತಲೆ ಕೆಡುತ್ತದೆ, ನಾಲ್ಕನೆಯದಕ್ಕೆ ಹಡಗಿನ ಗೋಡೆ ತೂತಾಗುವಷ್ಟರಲ್ಲಿ ನೀವು ಒಳಗೆ ಇರುತ್ತೀರಿ. ನಾಲ್ಕಕ್ಕೂ ಹಿಡಿಸದಿದ್ದರೆ ಬಿಟ್ಟುಬಿಡಿ. 'ಮೂರನೇ ಸೀಸನ್‌ನಿಂದ ಚೆನ್ನಾಗಿರುತ್ತೆ' ಅನ್ನೋ ಗೆಳೆಯರ ಮಾತಿಗೆ ಮೂವತ್ತು ಗಂಟೆ ಕಳೆಯಬೇಡಿ.

ಎರಡೂ ಬೇಕು ಅನ್ನುವವರಿಗೆ ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್ ಇದೆ. 176 ಕಂತು, ಹೆಚ್ಚಿನವು ಬಿಡಿ ಕಥೆಗಳೇ, ಆದರೆ ಕೆಳಗೆ ಒಂದು ದೊಡ್ಡ ಯುದ್ಧ ಹರಿಯುತ್ತಿರುತ್ತದೆ. ಅಲ್ಲಿನ 1993ರ 'ಡ್ಯುಯೆಟ್' ಯಾರು ಬೇಕಾದರೂ ನೋಡಬಹುದು. ಬಹುಪಾಲು ಒಂದು ಜೈಲು ಕೋಣೆ, ಒಬ್ಬ ಕೈದಿ, ಒಬ್ಬಳು ಅಧಿಕಾರಿ. 1998ರ 'ಇನ್ ದಿ ಪೇಲ್ ಮೂನ್‌ಲೈಟ್' ಕೂಡ ಒಂದೇ ಕಂತಿನಲ್ಲಿ ಮುಗಿಯುತ್ತದೆ. ಸರಣಿಯ ನಾಯಕನಾದ ಕ್ಯಾಪ್ಟನ್ ಕ್ಯಾಮೆರಾ ಕಡೆ ನೋಡಿಕೊಂಡು, ಯುದ್ಧ ಗೆಲ್ಲೋಕೆ ತಾನು ಎಷ್ಟು ಕೆಳಗಿಳಿದೆ ಅಂತ ಹೇಳುತ್ತಾ ಹೋಗುತ್ತಾನೆ. ಕಥೆ ನೇರವಾಗಿ ಅರ್ಥ ಆಗುತ್ತದೆ. ಆದರೆ ಆ ಮನುಷ್ಯನನ್ನು ಐದು ವರ್ಷ ನಂಬಿದವರಿಗೆ ಅದು ಬೇರೆಯೇ ಕಂತು. ಈ ಎರಡನ್ನೂ ನೋಡಿದರೆ ಬಿಡಿ ಕಂತಿನಿಂದ ನಿಮಗೆ ಎಷ್ಟು ಸಾಕು, ಎಲ್ಲಿಂದಾಚೆ ಉದ್ದ ಕಥೆ ಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಕೊನೆಗೆ ಕ್ರಮದ ವಿಷಯ. ಫೈರ್‌ಫ್ಲೈ 2002ರಲ್ಲಿ ಬಂದಾಗ ಫಾಕ್ಸ್ ಚಾನೆಲ್ ಕಂತುಗಳನ್ನು ಹಿಂದುಮುಂದು ಮಾಡಿ ಹಾಕಿತು. ಎಲ್ಲರನ್ನೂ ಪರಿಚಯಿಸುವ ಮೊದಲ ಕಂತನ್ನು ತೋರಿಸಿದ್ದೇ ಕೊನೆಗೆ. ಒಟ್ಟು 14ರಲ್ಲಿ 11 ಮಾತ್ರ ಪ್ರಸಾರವಾದವು. ಅದನ್ನು 'ಸೆರೆನಿಟಿ' ಅನ್ನೋ ಆ ಕಂತಿನಿಂದಲೇ ಶುರು ಮಾಡಿ. ಲವ್, ಡೆತ್ ಅಂಡ್ ರೋಬಾಟ್ಸ್‌ಗೆ ಆ ಚಿಂತೆ ಇಲ್ಲ. 2019ರಲ್ಲಿ ನೆಟ್‌ಫ್ಲಿಕ್ಸ್ ತಾನೇ ಬೇರೆ ಬೇರೆ ಜನರಿಗೆ ಬೇರೆ ಬೇರೆ ಕ್ರಮದಲ್ಲಿ ತೋರಿಸಿತು. ಬ್ಲ್ಯಾಕ್ ಮಿರರ್‌ಗೂ ಕ್ರಮ ಬೇಕಿಲ್ಲ, ಒಂದು ಜೋಡಿ ಬಿಟ್ಟು. 2017ರ 'ಯುಎಸ್ಎಸ್ ಕ್ಯಾಲಿಸ್ಟರ್'ಗೆ 2025ರಲ್ಲಿ ಮುಂದಿನ ಭಾಗ ಬಂದಿದೆ. ಅವೆರಡನ್ನು ಬಂದ ಕ್ರಮದಲ್ಲೇ ನೋಡಿ.